ಮಳೆ ಪುಸ್ತಕದ ತಾರೀಖು

ನಾನು ಓದು ನಿಲ್ಲಿಸಿದ್ದು 1981ರಲ್ಲಿ, ಏಳನೇ ಕ್ಲಾಸು ಪಾಸಾದ ಮೇಲೆ. ಪಾಸಾದ ಮೇಲೆ ಎಂಬುದನ್ನು ದಯವಿಟ್ಟು ಗಮನಿಸಬೇಕು, ಫೇಲಾಗಿ ಬಿಟ್ಟವನಲ್ಲ. ಹೈಸ್ಕೂಲಿಗೆ ಗೋಣಿಬೀಡಿನವರೆಗೆ ನಡೆಯಬೇಕಿತ್ತು, ಮನೆಯ ಎರಡು ಎಕರೆ ಕಾಫಿಗೆ ಅಪ್ಪನ ಎರಡು ಕೈ ಸಾಲುತ್ತಿರಲಿಲ್ಲ. "ಒಂದು ವರ್ಷ ನೋಡಣ" ಎಂದರು ಅಪ್ಪ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ನಮ್ಮ ತೋಟಕ್ಕೆ ಹೊಂದಿಕೊಂಡೇ ಒಂದು ದೊಡ್ಡ ಎಸ್ಟೇಟು. ಹದಿನಾರಕ್ಕೆ ಅಲ್ಲಿ ಕೆಲಸಕ್ಕೆ ಸೇರಿದೆ. ಒಂದು ದಿನ ಗೋಣಿಚೀಲದ ಮೇಲೆ ನಾನು ಬರೆದ ನಂಬರುಗಳನ್ನು ನೋಡಿ ಎಸ್ಟೇಟಿನ ಸಾಹುಕಾರರು, "ಅಂಕಿ ಚೆನ್ನಾಗಿ ಬರೀತೀಯಲ್ಲ ಮಾರಾಯ, ನಾಳೆಯಿಂದ ಮಳೆ ನೀನೇ ನೋಡ್ಕೋ" ಎಂದರು. ಮಳೆ ನೋಡಿಕೊಳ್ಳುವುದೆಂದರೆ ಅಳೆಯುವುದು. ಬಂಗಲೆಯ ಎದುರಿನ ಹುಲ್ಲಿನ ಮೇಲೆ ತಾಮ್ರದ ಮಳೆಮಾಪಕವೊಂದಿತ್ತು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಅದರಲ್ಲಿ ನಿಂತ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟು ಎಂದು ಮಳೆ ಪುಸ್ತಕದಲ್ಲಿ ಬರೆಯಬೇಕು. ಮೊದಲನೇ ದಿನ ಬರೆದೆ. ಸಾಹುಕಾರರು ನೋಡಿದವರೇ ಹಣೆ ಚಚ್ಚಿಕೊಂಡರು.

"ಇವತ್ತಿನ ತಾರೀಖಿಗೆ ಬರೆದ್ಯಲ್ಲೋ! ಇದು ನಿನ್ನೆ ಎಂಟರಿಂದ ಇವತ್ತು ಎಂಟರವರೆಗೆ ಬಿದ್ದ ನೀರು. ಅಂದ್ರೆ ನಿನ್ನೆ ಮಳೆ. ಇವತ್ತಿಂದು ಗೊತ್ತಾಗೋದು ನಾಳೆ."

ನಮ್ಮ ಎಸ್ಟೇಟಿನ ಪದ್ಧತಿ ಅದು. ಅವರ ತಂದೆಯ ಕಾಲದಿಂದಲೂ ಹಾಗೇ. ಆಮೇಲೆ ಹದಿಮೂರು ವರ್ಷ ಆ ಪುಸ್ತಕದಲ್ಲಿ ನಾನು ಒಂದು ದಿನ ತಪ್ಪಿಸಿದ್ದಿಲ್ಲ, ಒಂದು ಅಂಕಿ ತಿದ್ದಿದ್ದಿಲ್ಲ. ಆ ಪುಸ್ತಕದ ಬಲದಿಂದಲೇ ಮುಂದೆ ರೈಟರ್ ಆದೆ. ಆಳುಗಳ ಹಾಜರಿ ಹಾಕುವುದು, ಕಾಫಿ ಹಣ್ಣು ತೂಗುವುದು, ಚೀಲದ ಲೆಕ್ಕ ಬರೆಯುವುದು ರೈಟರನ ಕೆಲಸ. ಸುತ್ತಮುತ್ತಲ ಎಸ್ಟೇಟುಗಳಲ್ಲಿ ಪಿಯುಸಿ ಓದಿದ ರೈಟರ್‌ಗಳಿದ್ದರು. ಅವರ ಪುಸ್ತಕ ನೋಡಿದರೆ ಕೋಳಿ ಕೆದರಿದ ಹಾಗೆ.

ನನ್ನ ಹೆಂಡತಿ ಎಸ್‌ಎಸ್‌ಎಲ್‌ಸಿ. ಅವಳ ಬಳಿ ನನಗಿಂತ ಮೂರು ಕ್ಲಾಸು ಹೆಚ್ಚಿಗೆ ಇದ್ದವು. ಬೇರೆ ದಿನಗಳಲ್ಲಿ ಅವು ಎಲ್ಲಿರುತ್ತಿದ್ದವೋ, ಜಗಳವಾದಾಗ ಮಾತ್ರ ಹೊರಗೆ ಬರುತ್ತಿದ್ದವು.

1997ರ ಮೇ ಕೊನೆಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ತಾಯಿ ಮಗು ಇಬ್ಬರೂ ದೇವರಮನೆ ಬೆಟ್ಟದ ಬುಡದಲ್ಲಿದ್ದ ಅತ್ತೆಯ ಮನೆಯಲ್ಲಿದ್ದರು. ನಾನು ಭಾನುವಾರ ಭಾನುವಾರ ಹೋಗಿ ನೋಡಿ ಬರುತ್ತಿದ್ದೆ. ಜುಲೈಯಲ್ಲಿ, ಮಗುವಿಗೆ ಒಂದೂವರೆ ತಿಂಗಳು ತುಂಬುವ ಹೊತ್ತಿಗೆ, ಒಂದು ಗುರುವಾರ ಬೆಳಿಗ್ಗೆ ಎಸ್ಟೇಟಿಗೆ ಫೋನ್ ಬಂತು. ಮಗುವಿಗೆ ಜ್ವರ, ಹಾಲು ಎಳೆಯುತ್ತಿಲ್ಲ, ಕಣ್ಣು ಬಿಡುತ್ತಿಲ್ಲ. ಸಾಹುಕಾರರು ಜೀಪು ಕೊಟ್ಟರು. ಮೂಡಿಗೆರೆಯಲ್ಲಿ ತೋರಿಸಿದೆವು. ಅಲ್ಲಿನ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡಿದ್ದೊಂದೇ, "ಚಿಕ್ಕಮಗಳೂರಿಗೆ ಹೋಗಿ, ದಾರೀಲಿ ಎಲ್ಲೂ ನಿಲ್ಲಿಸಬೇಡಿ" ಎಂದರು. ನಮ್ಮತ್ತೆ ಮಾತಾಡದೆ ಆಲ್ದೂರು ದಾಟಿದ್ದು ನಾನು ಕಂಡಂತೆ ಅದೊಂದೇ ಸಲ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ವಯಸ್ಸಾದವರು, ನಿಧಾನ ಮಾತಿನವರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ರಕ್ತ, ಮೂತ್ರ ಎಲ್ಲ ಪರೀಕ್ಷೆಗೆ ಕಳಿಸಿ ನಮ್ಮನ್ನು ಕೂರಿಸಿ ಹೇಳಿದರು.

"ಮೂತ್ರದ ದಾರೀಲಿ ಸೋಂಕಾಗಿ ರಕ್ತಕ್ಕೆ ಸೇರಿದೆ. ಇಷ್ಟು ಸಣ್ಣ ಮಗುಗೆ ಇದು ದೊಡ್ಡ ಕಾಯಿಲೆನೇ. ಇಂಜೆಕ್ಷನ್ ಶುರು ಮಾಡಿದೀನಿ. ನಾಲ್ಕು ದಿನ ಏನೂ ಹೇಳೋ ಹಾಗಿಲ್ಲ."

"ನಾವೇನು ಮಾಡ್ಬೇಕು ಸರ್?" ಎಂದೆ.

"ಕಿಡ್ನಿ ಹೇಗಿದೆ ಅನ್ನೋದು ಮೂತ್ರದಲ್ಲೇ ಗೊತ್ತಾಗೋದು. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಯ್ತು ಅಂತ ಬರೆದಿಡಿ. ಬರೆಯೋಕೆ ಬರುತ್ತಲ್ಲ?"

ಕೊನೆಯ ಮಾತು ಅವರು ಎಲ್ಲರಿಗೂ ಕೇಳುವ ಮಾತೇ ಇರಬೇಕು. ಆದರೆ ನನಗೆ ಚುರುಕ್ಕೆಂದಿತು. "ಬರುತ್ತೆ ಸರ್" ಎಂದೆ, ಸ್ವಲ್ಪ ಜೋರಾಗಿಯೇ.

ಹೊರಗೆ ಬಂದು ಯೋಚಿಸಿದೆ. ಬಟ್ಟೆ ಎಣಿಸುವುದು ಒಂದು ಲೆಕ್ಕವೇ? ಒಂದು ಬಟ್ಟೆ ತೊಟ್ಟು ಬಿದ್ದು ಒದ್ದೆ, ಇನ್ನೊಂದು ಹಿಂಡುವಷ್ಟು ಒದ್ದೆ, ಎರಡಕ್ಕೂ ಒಂದೊಂದೇ ಗೀಟು ಹಾಕುವುದೇ? ಹಣ್ಣು ಕುಯ್ಯುವವರ ಚೀಲವನ್ನು ಎಣಿಸಿ ಬರೆಯುವ ರೈಟರನ್ನು ನಮ್ಮಲ್ಲಿ ಅವತ್ತೇ ಮನೆಗೆ ಕಳಿಸುತ್ತಾರೆ. ತೂಗಬೇಕು. ಒಣ ಬಟ್ಟೆಯ ತೂಕ ಕಳೆಯಬೇಕು. ಉಳಿದದ್ದು ಮಗುವಿನ ಲೆಕ್ಕ. ಎದುರಿನ ಎಸ್‌ಟಿಡಿ ಬೂತಿನಿಂದ ಸಾಹುಕಾರರಿಗೆ ಫೋನ್ ಮಾಡಿದೆ. ಎಸ್ಟೇಟಿನ ಆಫೀಸಿನಲ್ಲಿ ಕಾಫಿಯ ಸ್ಯಾಂಪಲ್ ತೂಗಲು ಒಂದು ಪುಟ್ಟ ತಕ್ಕಡಿ ಇತ್ತು. ಹಿತ್ತಾಳೆ ತಟ್ಟೆ, ಗ್ರಾಮಿನ ಲೆಕ್ಕದ ಸಣ್ಣ ಸಣ್ಣ ತೂಕದ ಬೊಟ್ಟುಗಳು.

"ಮಗು ತೂಗಕ್ಕಾ?" ಎಂದರು ಸಾಹುಕಾರರು.

"ಮಗು ಉಚ್ಚೆ ತೂಗಕ್ಕೆ."

ಆ ಕಡೆ ಅವರು ಯಾರನ್ನೋ ಕೂಗಿ ತಕ್ಕಡಿ ತರಲು ಹೇಳಿದ್ದು ಕೇಳಿಸಿತು. ಆಮೇಲೆ, "ಬಸ್ಸಿಗೆ ಹಾಕಿಸ್ತೀನಿ ಮಾರಾಯ. ಬೊಟ್ಟು ಕಳೀಬೇಡ" ಎಂದರು. ಶುಕ್ರವಾರ ಸಂಜೆಯ ಬಸ್ಸಿನಲ್ಲಿ, ಗೋಣಿತಾಟಿನಲ್ಲಿ ಸುತ್ತಿದ ತಕ್ಕಡಿ ಬಂತು. ಕಂಡಕ್ಟರ್ ನನ್ನ ಕೈಗಿಡುತ್ತಾ, "ಹುಷಾರು, ಚಿನ್ನ ಏನೋ ತೂಗ್ತೀರಂತಲ್ಲ" ಎಂದ. ಹೌದು ಎಂದೆ.

ವಾರ್ಡಿನ ಸಿಸ್ಟರ್ ನೋಡಿ ನಕ್ಕಳು. ನಗುವುದು ಮುಗಿದ ಮೇಲೆ, "ಒಂದು ಗ್ರಾಮ್ ಅಂದ್ರೆ ಒಂದು ಎಂಎಲ್ ಅಂತ ಇಟ್ಕೊಳ್ಳಿ, ಇದು ಒಳ್ಳೇದೇ" ಎಂದಳು. ನೂರು ಪುಟದ ನೋಟ್‌ಬುಕ್ ತಂದು ಸ್ಕೇಲಿನಲ್ಲಿ ಗೀಟು ಎಳೆದೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಲೆಕ್ಕ ಶುರು.

ಜುಲೈ ತಿಂಗಳಲ್ಲಿ ಬಟ್ಟೆ ಒಣಗುವುದೆಲ್ಲಿ? ಹೆಂಡತಿಯ ಹಳೆ ಸೀರೆ, ನನ್ನ ಪಂಚೆ ಹರಿದು ಮಾಡಿದ ಇಪ್ಪತ್ತು ತುಂಡುಗಳು ವರಾಂಡದ ಹಗ್ಗದ ಮೇಲೆ ಜೋತಾಡುತ್ತಿದ್ದವು. ಒಗೆದು ದಿನವಾದರೂ ಕೈಗೆ ತಣ್ಣಗೆ ಹತ್ತುತ್ತಿದ್ದವು. ಒಣ ಬಟ್ಟೆ ಇಷ್ಟು ಎಂದು ಒಂದು ತೂಕ ಹಿಡಿದರೆ ತಪ್ಪುತ್ತದೆ. ಅಂಗಳದಲ್ಲಿ ಒಣಗುವ ಕಾಫಿಯ ತೂಕ ದಿನದಿನಕ್ಕೆ ಇಳಿಯುವುದನ್ನು ನೋಡಿದವನಿಗೆ ಇದು ಹೇಳಿಕೊಡಬೇಕಿಲ್ಲ. ಮಗುವಿಗೆ ಹಾಕುವ ಮುಂಚೆ ಒಂದು ಸಲ, ತೆಗೆದ ಮೇಲೆ ಒಂದು ಸಲ, ಪ್ರತಿ ತುಂಡನ್ನೂ ತೂಗಿದೆ. ಆಗಿಂದಾಗಿನ ತೂಕ ಒಂದು ಚೀಟಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಚೀಟಿ ಕೂಡಿ, ಮೊತ್ತ ಮಾತ್ರ ಪುಸ್ತಕಕ್ಕೆ.

ಅತ್ತೆ ಎರಡು ದಿನ ಸಹಿಸಿಕೊಂಡರು. ಆಮೇಲೆ ಪಕ್ಕದ ಮಂಚದವರಿಗೆ ಕೇಳುವಂತೆ, "ಅಲ್ಲ ಅಳಿಯಂದ್ರೇ, ಆ ಕೂಸು ಉಚ್ಚೆ ಹುಯ್ಯಕ್ಕೂ ಹೆದರ್ಕೊಂಡದೆ. ನೀವು ತಕ್ಕಡಿ ಹಿಡ್ಕೊಂಡು ಕಾಯ್ತಿದ್ರೆ ಎಂಥ ಮಾಡ್ತದೆ ಅದು?" ಎಂದರು.

"ಅಮ್ಮ, ನೀನು ಸುಮ್ನಿರು" ಎಂದಳು ಹೆಂಡತಿ. "ಅವ್ರಿಗೆ ಏನಾದ್ರೂ ಅಳೆಯಕ್ಕೆ ಕೊಡದಿದ್ರೆ ಇಲ್ಲೇ ಹುಚ್ಚು ಹಿಡೀತದೆ."

ಮಾತು ನಿಜ. ಡ್ರಿಪ್ ಹಾಕಲೆಂದು ಮಗುವಿನ ತಲೆಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕಿದ್ದರು. ಅದನ್ನು ನೋಡುತ್ತಾ ಕೂರುವುದು ನನ್ನ ಕೈಲಾಗುತ್ತಿರಲಿಲ್ಲ. ತಕ್ಕಡಿಯ ಮುಳ್ಳನ್ನು ನೋಡಬಲ್ಲವನಾಗಿದ್ದೆ. ಭಾನುವಾರ ಬೆಳಿಗ್ಗೆ ಎಪ್ಪತ್ತು ಗ್ರಾಂ. ಸೋಮವಾರ ಬೆಳಿಗ್ಗೆ ಅರವತ್ತೈದು. ಇಳಿಯುತ್ತಿತ್ತು. ಜ್ವರ ಮಾತ್ರ ಇಳಿದಿರಲಿಲ್ಲ.

ಸೋಮವಾರ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ನಾನೇ ನಿಂತು ಓದಿ ಹೇಳಿದೆ: "ಅರವತ್ತೈದು ಸರ್." ಅವರು ಪುಸ್ತಕ ನೋಡಲಿಲ್ಲ, ಮಗುವನ್ನು ನೋಡಿದರು. ಪರೀಕ್ಷೆಯ ರಿಪೋರ್ಟು ಬಂದಿತ್ತು. "ಈ ಔಷಧಿಗೆ ಸೋಂಕು ಬಗ್ಗಲ್ಲ. ಬೇರೆ ಬರೀತೀನಿ. ಅದು ಸ್ವಲ್ಪ ಜೋರು, ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು" ಎಂದು ಹತ್ತು ಗಂಟೆಗೆ ಹೊಸ ಇಂಜೆಕ್ಷನ್ ಕೊಡಿಸಿದರು. ಮಧ್ಯಾಹ್ನದ ಮೇಲೆ ಮಗು ಅತ್ತಿತು. ಐದು ದಿನದಲ್ಲಿ ಮೊದಲ ಸಲ ಸರಿಯಾದ ಅಳು. ವಾರ್ಡಿನಲ್ಲಿ ಉಳಿದ ಮಕ್ಕಳು ಅತ್ತರೆ ತಲೆನೋವು, ನಮ್ಮದು ಅತ್ತರೆ ಹಬ್ಬ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಚೀಟಿ ಕೂಡಿದೆ. ನೂರ ತೊಂಬತ್ತು. ಎರಡು ಸಲ ಕೂಡಿ, ಪುಸ್ತಕಕ್ಕೆ ಬರೆದೆ. ಕೈ ತನ್ನಷ್ಟಕ್ಕೆ ಹೋದದ್ದು ಸೋಮವಾರದ ತಾರೀಖಿಗೆ. ಎಂಟು ಗಂಟೆಗೆ ಸಿಕ್ಕಿದ್ದು ನಿನ್ನೆಯದು. ಹದಿಮೂರು ವರ್ಷದ ಅಭ್ಯಾಸ ಅದು, ಮೂರು ದಿನದಿಂದಲೂ ಹಾಗೇ ಬರೆಯುತ್ತಿದ್ದೆ.

ಅಂದು ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಒಂಬತ್ತೂವರೆಗೆ ಒಬ್ಬರು ಡಾಕ್ಟರಮ್ಮ ಬಂದರು, ಚಿಕ್ಕ ವಯಸ್ಸು. ಹಳೆ ಸಿಸ್ಟರ್ ಡ್ಯೂಟಿ ಮುಗಿಸಿ ಹೋಗಿ ಹೊಸಬಳು ಬಂದಿದ್ದಳು. ಹೆಂಡತಿ ಬಟ್ಟೆ ಒಗೆಯಲು ಹೋಗಿದ್ದಳು, ಅತ್ತೆ ತಿಂಡಿಗೆ ಹೋಗಿದ್ದರು. ನಾನು ಹೆಮ್ಮೆಯಿಂದ ಪುಸ್ತಕ ಮುಂದೆ ಹಿಡಿದೆ. ಡಾಕ್ಟರಮ್ಮ ಅದನ್ನು ಕೈಗೆ ತೆಗೆದುಕೊಂಡು, ಮಂಚದ ತುದಿಯ ಹಾಳೆಯನ್ನೂ ಪಕ್ಕಕ್ಕಿಟ್ಟುಕೊಂಡು ನೋಡಿದರು.

"ಎಷ್ಟು ನೀಟಾಗಿ ಬರೆದಿದೀರಿ!"

"ಮಳೆ... ಎಸ್ಟೇಟಲ್ಲಿ ರೈಟರ್ ಮೇಡಂ ನಾನು."

"ಬೆಳಿಗ್ಗೆ ಎಂಟಕ್ಕೆ ಟೋಟಲ್ ಹಾಕೋದಾ?"

"ಸರಿಯಾಗಿ ಎಂಟಕ್ಕೆ."

"ನಿನ್ನೆ ನೂರ ತೊಂಬತ್ತು ಇದೆ. ಇವತ್ತಿಂದು?"

"ಇವತ್ತಿಂದು ಇನ್ನೂ ಆಗಿಲ್ಲ ಮೇಡಂ."

ಅವರು ತಲೆ ಎತ್ತಿದರು. "ಆಗಿಲ್ವಾ?"

"ಇಲ್ಲ ಮೇಡಂ. ನಾಳೆ ಎಂಟಕ್ಕೆ ಗೊತ್ತಾಗೋದು."

ಅವರು ನನ್ನ ಮುಖವನ್ನೇ ನೋಡಿದರು, ನಿದ್ದೆಗೆಟ್ಟ ಅಪ್ಪ ಏನೋ ಬಡಬಡಿಸುತ್ತಿದ್ದಾನೆ ಎಂಬ ಹಾಗೆ. ಮಗುವಿನ ಹೊಟ್ಟೆ ಒತ್ತಿದರು, ತುಟಿ ನೋಡಿದರು, ಮತ್ತೆ ಪುಸ್ತಕ ನೋಡಿದರು. ನಂತರ ಸಿಸ್ಟರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬೇಗ ಬೇಗ ಮಾತಾಡತೊಡಗಿದರು. ಅದರಲ್ಲಿ ನನಗೆ ತಿಳಿದದ್ದು ಮೂರು ಮಾತು: ಸ್ಟಾಪ್, ಕಿಡ್ನಿ, ಮಂಗಳೂರು.

ಏನು ಮೇಡಂ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಇಂಗ್ಲಿಷ್ ಬರುವುದಿಲ್ಲ ಎಂದು ಗೊತ್ತಾಗುತ್ತದಲ್ಲ. ಆಗಷ್ಟೇ ನೀಟಾಗಿದೆ ಎಂದು ಹೊಗಳಿಸಿಕೊಂಡಿದ್ದೆ. ತಿಳಿದವನ ಹಾಗೆ ತಲೆಯಾಡಿಸಿದೆ. ಸಿಸ್ಟರ್ ಹತ್ತು ಗಂಟೆಗೆಂದು ಸಿದ್ಧ ಮಾಡಿಟ್ಟಿದ್ದ ಹೊಸ ಇಂಜೆಕ್ಷನ್ನನ್ನು ಟ್ರೇ ಸಮೇತ ತೆಗೆದುಕೊಂಡು ಹೊರಟಳು. ಮಂಗಳೂರು ಎಂದರೆ ಚಾರ್ಮಾಡಿ ಘಾಟಿ. ಜುಲೈಯಲ್ಲಿ ಯಾವ ತಿರುವಿನಲ್ಲಿ ಮರ ಬಿದ್ದಿರುತ್ತದೋ, ಮಣ್ಣು ಕುಸಿದಿರುತ್ತದೋ. ನಿನ್ನೆ ಅತ್ತ ಮಗುವಿಗೆ ಇವತ್ತು ಏನಾಯಿತು? ತೂಕದಲ್ಲಿ ನಾನೇನಾದರೂ ತಪ್ಪಿದೆನೇ? ಎಂಟರಿಂದ ಈಚೆಗೆ ಒದ್ದೆಯಾದ ಎರಡು ಬಟ್ಟೆಯ ಲೆಕ್ಕದ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅದು ನೆನಪಿಗೇ ಬರಲಿಲ್ಲ. ಅದು ಪುಸ್ತಕಕ್ಕೆ ಏರಿರಲಿಲ್ಲವಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ಕಂಕುಳಲ್ಲಿ ಬಕೆಟ್ಟು, ತುಂಬ ಹಿಂಡಿದ ಬಟ್ಟೆ. ನನ್ನ ಮುಖ ನೋಡಿದಳು, ಟ್ರೇ ಹೋಗುತ್ತಿದ್ದುದನ್ನು ನೋಡಿದಳು. ಬಕೆಟ್ಟು ಕೆಳಗಿಡದೆ ನೇರವಾಗಿ ಡಾಕ್ಟರಮ್ಮನ ಮುಂದೆ ಹೋಗಿ ನಿಂತಳು.

"ಯಾಕೆ ಮೇಡಂ, ಇಂಜೆಕ್ಷನ್ ಕೊಡಲ್ವಾ?"

"ಇಲ್ಲಮ್ಮ. ನಿನ್ನೆ ಹೊಸ ಔಷಧಿ ಕೊಟ್ಟ ಮೇಲೆ ಮಗು ಮೂತ್ರ ಮಾಡಿಲ್ಲ. ಕಿಡ್ನಿಗೆ ತೊಂದರೆ ಆಗಿರಬಹುದು. ನೋಡೋಕೆ ಪರವಾಗಿಲ್ಲ ಅನ್ಸುತ್ತೆ, ಆದ್ರೆ..."

"ಮಾಡಿಲ್ವಾ?" ಹೆಂಡತಿ ಬಕೆಟ್ಟನ್ನು ಎತ್ತಿ ಅವರ ಮೂಗಿನ ಮಟ್ಟಕ್ಕೆ ಹಿಡಿದಳು. "ಮತ್ತೆ ಇದೆಂಥದು ಮೇಡಂ? ಹನ್ನೆರಡು ಬಟ್ಟೆ ಒಗೆದು ಬಂದೆ. ಇಷ್ಟೂ ನಾನು ಮಾಡಿದ್ದಾ?"

ಪಕ್ಕದ ಮಂಚದವರು ಕಿಸಕ್ಕೆಂದರು. ಡಾಕ್ಟರಮ್ಮ ಪುಸ್ತಕ ತೋರಿಸಿದರು. "ಇಲ್ಲಿ ನೋಡಿ, ನಿನ್ನೆ ಬೆಳಿಗ್ಗೆವರೆಗೆ ನೂರ ತೊಂಬತ್ತು. ಇವತ್ತಿಗೆ ಏನೂ ಇಲ್ಲ. ನಿಮ್ಮ ಯಜಮಾನ್ರೂ ಆಗಿಲ್ಲ ಅಂದ್ರು."

ಹೆಂಡತಿ ಒಂದು ಸಲ ಪುಸ್ತಕ ನೋಡಿದಳು. ಒಂದು ಸಲ ನನ್ನನ್ನು ನೋಡಿದಳು. ಎಸ್‌ಎಸ್‌ಎಲ್‌ಸಿಯ ಮೂರು ಕ್ಲಾಸೂ ಆ ನೋಟದಲ್ಲಿದ್ದವು.

"ರೀ! ಮಳೆ ಬರೆದ ಹಾಗೆ ಬರೆದ್ರಾ?"

ಆಗ ನನಗೆ ಹೊಳೆಯಿತು.

"ಇವ್ರು ಮಳೆ ಅಳೆಯೋರು ಮೇಡಂ" ಎಂದು ಅವಳೇ ವಿವರಿಸಿದಳು. "ಇವತ್ತು ಬೆಳಿಗ್ಗೆ ಅಳೆದಿದ್ದನ್ನ ನಿನ್ನೆ ತಾರೀಖಿಗೆ ಹಾಕ್ತಾರೆ. ಇದು ಇವತ್ತು ಬೆಳಿಗ್ಗೆ ಎಂಟು ಗಂಟೆ ಲೆಕ್ಕ. ನಿನ್ನೆ ಇಂಜೆಕ್ಷನ್ ಆದ ಮೇಲಿಂದೇ ಇದರಲ್ಲಿ ಹೆಚ್ಚು."

ಡಾಕ್ಟರಮ್ಮ ಬೆರಳಿಟ್ಟು ಒಂದೊಂದೇ ಸಾಲನ್ನು ಕೆಳಗಿಳಿಸಿ ಓದಿದರು. ಎಪ್ಪತ್ತು ಭಾನುವಾರಕ್ಕೆ ಬಂತು. ಅರವತ್ತೈದು ಸೋಮವಾರಕ್ಕೆ ಬಂತು, ಹೊಸ ಔಷಧಿಯ ಮುಂಚೆ. ನೂರ ತೊಂಬತ್ತು ಮಂಗಳವಾರಕ್ಕೆ ಬಂತು. ಅವರ ಮುಖದ ಬಣ್ಣ ಬದಲಾಯಿತು. "ಸಿಸ್ಟರ್!" ಎಂದು ಅವರು ಕೂಗಿದ ಕೂಗಿಗೆ ಇಡೀ ವಾರ್ಡು ತಿರುಗಿತು. ಟ್ರೇ ವಾಪಸು ಬಂತು. ಗಡಿಯಾರದಲ್ಲಿ ಹತ್ತಾಗಲು ಐದು ನಿಮಿಷ. ಇಂಜೆಕ್ಷನ್ ಸರಿಯಾದ ಹೊತ್ತಿಗೇ ಹೋಯಿತು. ಮಗು ಕಿಟಾರನೆ ಕಿರುಚಿ, ಕಾಲು ಝಾಡಿಸಿ, ಡಾಕ್ಟರಮ್ಮನ ಬಿಳಿ ಕೋಟಿನ ತೋಳಿನ ಮೇಲೆ ತೂಗಲಾಗದ ಲೆಕ್ಕವೊಂದನ್ನು ಹಾಕಿತು.

"ಇದನ್ನ ಯಾವ ತಾರೀಖಿಗೆ ಬರೀತೀರಿ?" ಎಂದು ಕೇಳಿದರು ಡಾಕ್ಟರಮ್ಮ, ತೋಳು ಒರೆಸಿಕೊಳ್ಳುತ್ತಾ.

ನಾನು ಒಂದು ಒಣ ಬಟ್ಟೆ ಅವರ ಕೈಗೆ ಕೊಟ್ಟೆ. ಅವರೇ ಪೆನ್ನು ಕೊಟ್ಟು, "ನೀವು ಅಳೆದಿದ್ದು ಒಂದು ಗ್ರಾಮ್ ತಪ್ಪಿಲ್ಲ. ತಾರೀಖು ಮಾತ್ರ ಸರಿ ಮಾಡಿ" ಎಂದರು. ಮೂರು ತಾರೀಖು ಹೊಡೆದು ಪಕ್ಕದಲ್ಲಿ ಬರೆದೆ. ಯಾವ ಪುಸ್ತಕದಲ್ಲೂ ಅದಕ್ಕೆ ಮುಂಚೆ ನಾನು ಗೀಟು ಹೊಡೆದವನಲ್ಲ. ಗೀಟು ಸೊಟ್ಟಗಾಯಿತು.

ಅತ್ತೆ ತಿಂಡಿ ಮುಗಿಸಿ ಬಂದರು. ಎಲ್ಲ ಕೇಳಿಸಿಕೊಂಡು, "ನಾನು ಹೇಳ್ಲಿಲ್ವಾ, ತಕ್ಕಡಿ ಬೇಡ ಅಂತ" ಎಂದರು. ಆಮೇಲೆ, "ಎಷ್ಟು ಅಂದ್ರಿ? ನೂರ ತೊಂಬತ್ತಾ? ಮೊದಲೆಷ್ಟಿತ್ತು?" ಎಂದು ವಿಚಾರಿಸಿಕೊಂಡು ಹೋಗಿ, ವಾರ್ಡಿನ ಕೊನೆಯ ಮಂಚದವರೆಗೂ ಆ ಅಂಕಿಯನ್ನು ಅವರೇ ಮುಟ್ಟಿಸಿ ಬಂದರು. ಮಾರನೆಯ ದಿನದಿಂದ ಎಂಟು ಗಂಟೆಗೆ ನಾನು ಚೀಟಿ ಕೂಡುವಾಗ ಪಕ್ಕದಲ್ಲಿ ಬಂದು ಕೂರುತ್ತಿದ್ದರು.

ಬುಧವಾರ ಇನ್ನೂರ ಇಪ್ಪತ್ತು. ಗುರುವಾರ ಜ್ವರ ಬಿಟ್ಟಿತು. ಊರಿಗೆ ವಾಪಸಾದ ದೊಡ್ಡ ಡಾಕ್ಟರಿಗೆ ಡಾಕ್ಟರಮ್ಮ ಏನು ಹೇಳಿದ್ದರೋ, ಅವರು ಬಂದವರೇ ಪುಸ್ತಕ ಕೇಳಿ ತೆಗೆದುಕೊಂಡು ಹೊಡೆದ ಗೀಟುಗಳನ್ನು ನೋಡಿದರು. ಮಗುವಿನ ಕಾಗದಕ್ಕೆ ಏನೋ ಬರೆಯುತ್ತಾ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು.

"ಸರ್, ಅದೇನು ಹೇಳಿದ್ರಿ? ನಂಗೆ ಇಂಗ್ಲಿಷ್ ಬರಲ್ಲ" ಎಂದೆ.

"ಇನ್ನೊಂದು ವಾರ ಇಂಜೆಕ್ಷನ್ ಇದೆ, ಆಮೇಲೆ ಮನೆಗೆ ಅಂದೆ."

ಅಷ್ಟು ಸಣ್ಣ ಮಾತು. ನನ್ನ ಹೆಂಡತಿ ಹಿಂದೆ ನಿಂತು ನಗುತ್ತಿದ್ದಳು.

ಹೇಳಿದ ಹಾಗೆ ಒಂದು ವಾರಕ್ಕೆ ಬಿಟ್ಟರು. ತಕ್ಕಡಿ ಸ್ಪಿರಿಟ್ಟಿನಲ್ಲಿ ತೊಳೆದು, ಬೊಟ್ಟು ಎಣಿಸಿ, ಅದೇ ಗೋಣಿತಾಟಿನಲ್ಲಿ ಸುತ್ತಿ ಸಾಹುಕಾರರಿಗೆ ಒಪ್ಪಿಸಿದೆ. ಅವರು ಆ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನೀನೇ ಇಟ್ಕೋ ಮಾರಾಯ. ಇದರಲ್ಲಿ ತೂಗಿದ ಕಾಫಿ ಸ್ಯಾಂಪಲ್ಲು ಯಾರು ಕುಡೀತಾರೆ" ಎಂದರು. ಎರಡು ವಾರ ಮಳೆ ಪುಸ್ತಕವನ್ನು ಅವರೇ ಬರೆದಿದ್ದರು. ಮಗು ಬೇನೆಬಿದ್ದ ಗುರುವಾರದ ಮಳೆ ಮೂರು ಇಂಚು ನಲವತ್ತು ಸೆಂಟು. ಅದನ್ನು ಅಳೆದದ್ದು ಶುಕ್ರವಾರ ಬೆಳಿಗ್ಗೆ, ಬರೆದದ್ದು ಗುರುವಾರಕ್ಕೆ. ಆ ಪದ್ಧತಿ ನಾನು ಬದಲಿಸಿಲ್ಲ. ಮಳೆಗೆ ಅದು ಸರಿಯೇ.

ಆದರೆ ಅರ್ಥವಾಗದ ಮಾತಿಗೆ ತಲೆಯಾಡಿಸುವುದನ್ನು ಬಿಟ್ಟೆ. ಬ್ಯಾಂಕಿನಲ್ಲಿ, ಕಾಫಿ ಕ್ಯೂರಿಂಗಿನ ಆಫೀಸಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಎಲ್ಲೆಲ್ಲೂ ನಿಲ್ಲಿಸಿ ಕೇಳುತ್ತೇನೆ. ಹಿಂದೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ, ಬೈಯಲಿ. ಮಗಳು ಈ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಹೋದಳು. ಇನ್ನು ಮುಂದಿನ ಪುಸ್ತಕ ನನಗೆ ತಿಳಿಯುವುದಿಲ್ಲ. ಅವಳನ್ನೇ ಕೇಳುತ್ತೇನೆ. "ಅಪ್ಪ, ನೀವು ಒಂದೇ ಪ್ರಶ್ನೆ ನಾಲ್ಕು ಸಲ ಕೇಳ್ತೀರಿ" ಎಂದು ರೇಗುತ್ತಾಳೆ.

ಈಗ ನನ್ನ ಬಳಿ ಇರುವುದು: ಅಪ್ಪನ ಎರಡು ಎಕರೆ, ನಾನು ಸೇರಿಸಿದ ಒಂದೂವರೆ ಎಕರೆ, ಹೆಂಚಿನ ಮನೆ ಒಂದು, ಸ್ಕೂಟರ್ ಒಂದು, ಸ್ವಂತದ ಮಳೆಮಾಪಕ ಒಂದು, ಹಿತ್ತಾಳೆ ತಕ್ಕಡಿ ಒಂದು, ಮೂರು ಕಡೆ ಗೀಟು ಹೊಡೆದ ನೋಟ್‌ಬುಕ್ ಒಂದು, ಎಸ್‌ಎಸ್‌ಎಲ್‌ಸಿ ಪಾಸಾದ ಹೆಂಡತಿ ಒಬ್ಬಳು, ಮಗಳು ಒಬ್ಬಳು.